ಮುಖವನ್ನೇ ನೋಡದ ವೈದ್ಯಕೀಯ

ಎರಡೂ ಕಣ್ಣಿನ ಮೇಲ್ರೆಪ್ಪೆಗಳು ಹೊರಮೂಲೆಯಲ್ಲಿ ಊದಿಕೊಂಡಿವೆ. ಕಿವಿಯ ಮುಂದೆ, ದವಡೆಯ ಕೆಳಗೆ, ಎರಡೂ ಬದಿಗೆ ಗಟ್ಟಿಯಾದ ಊತ. ನೋವಿಲ್ಲ, ಜ್ವರವಿಲ್ಲ, ಚರ್ಮ ಕೆಂಪಾಗಿಲ್ಲ. ಹೀಗೇ ತಿಂಗಳುಗಳು ಉರುಳಿವೆ. ಇಂಥವರು ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಅಲರ್ಜಿ ಎನ್ನಿಸಿಕೊಂಡು ಬರುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಹುಳುಕು ತುಂಬಿಸಿಕೊಂಡು ಬರುತ್ತಾರೆ. ಕಿವಿ-ಮೂಗು-ಗಂಟಲಿನವರ ಹತ್ತಿರ ಹೋದರೆ ಒಂದು ಬದಿಯ ಗಡ್ಡೆಗೆ ಸೂಜಿ ಚುಚ್ಚಿಸಿಕೊಂಡು, ‘ಗಾಬರಿ ಪಡೋವಂಥದ್ದೇನಿಲ್ಲ’ ಎಂದು ಕೇಳಿಸಿಕೊಂಡು ಬರುತ್ತಾರೆ. ಮೂವರೂ ಓದಿದವರೇ. ಮೂವರ ಮೇಜಿನ ಮೇಲೂ ಟಾರ್ಚ್ ಇತ್ತು. ಆದರೂ ಎದುರಿಗೆ ಕೂತ ಮುಖವನ್ನು ಇಡಿಯಾಗಿ ಒಬ್ಬರೂ ನೋಡಲಿಲ್ಲ. ಹೊರಗೆ ರೋಗಿಗಳ ಸಾಲು ದೊಡ್ಡದಿತ್ತು, ಸಮಯವಿರಲಿಲ್ಲ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಇದು ಉದಾಸೀನ. ಅದೂ ರೂಢಿಯಾಗಿ, ನಾಚಿಕೆಯೂ ಹುಟ್ಟಿಸದಷ್ಟು ಹಳೆಯದಾದ ಉದಾಸೀನ.

ಈ ಉದಾಸೀನಕ್ಕೆ ಮೊದಲ ನೆಪ, ನೋವಿಲ್ಲದಿರುವುದು. ನಮ್ಮಲ್ಲಿ ರೋಗಿಗೂ ವೈದ್ಯನಿಗೂ ಒಂದು ಒಪ್ಪಂದವಿದ್ದಂತಿದೆ: ನೋಯದಿದ್ದರೆ ಅದು ಕಾಯಬಹುದು. ಮಂಗನಬಾವು ಬಂದ ಮಗು ಅಗಿಯಲಾರದೆ ಅಳುತ್ತದೆ, ಜ್ವರ ಬರುತ್ತದೆ, ಒಂದೆರಡು ವಾರದಲ್ಲಿ ಎಲ್ಲ ಇಳಿದುಹೋಗುತ್ತದೆ. ಜೊಲ್ಲಿನ ಗ್ರಂಥಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಊಟಕ್ಕೆ ಕೂತಾಗಲೇ ಒಂದು ಬದಿ ಉಬ್ಬಿ ಸಿಡಿಯುತ್ತದೆ. ಇವು ತಾವೇ ಕೂಗಿ ಹೇಳಿಕೊಳ್ಳುವ ಕಾಯಿಲೆಗಳು. ಎರಡೂ ಬದಿಗೆ ಸಮನಾಗಿ, ಸದ್ದಿಲ್ಲದೆ ಊದಿ, ಮೂರು ತಿಂಗಳಾದರೂ ಇಳಿಯದ ಬಾವು ಬೇರೆಯೇ ಜಾತಿಯದು. ಅದರ ಹಿಂದೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬಿದ್ದಿರಬಹುದು. ಸಾರ್ಕಾಯಿಡೋಸಿಸ್, ಕ್ಷಯ, ಎಚ್‌ಐವಿ ಇರಬಹುದು. ಲಿಂಫೋಮಾ ಇರಬಹುದು, ಮಕ್ಕಳಲ್ಲಾದರೆ ರಕ್ತದ ಕ್ಯಾನ್ಸರೂ ಇರಬಹುದು. ಈ ಪಟ್ಟಿಯಲ್ಲಿ ಉದಾಸೀನ ಮಾಡಬಹುದಾದ ಹೆಸರು ಒಂದಾದರೂ ಇದೆಯೇ?

ಈ ಬಾವಿನ ಚರಿತ್ರೆ ಕೂಡ, ಹೆಸರೊಂದು ಸಿಕ್ಕ ಕೂಡಲೇ ಯೋಚನೆ ನಿಲ್ಲಿಸಿದವರ ಚರಿತ್ರೆಯೇ. 1888ರಲ್ಲಿ ಪೂರ್ವ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್ ನಗರದ ವೈದ್ಯರ ಸಭೆಯ ಮುಂದೆ ಯೊಹಾನ್ ಫಾನ್ ಮಿಕುಲಿಚ್ ಎಂಬ ಶಸ್ತ್ರಚಿಕಿತ್ಸಕ 42 ವರ್ಷದ ಒಬ್ಬ ರೈತನ ವಿಷಯ ಮಂಡಿಸಿದ. ಆ ರೈತನ ಕಣ್ಣೀರಿನ ಗ್ರಂಥಿಗಳು ಮೊದಲು ಊದಿ ಕಣ್ಣು ಕಿರಿದಾಗಿದ್ದವು. ಆಮೇಲೆ ಲಾಲಾಗ್ರಂಥಿಗಳು ಊದಿದ್ದವು. ನೋವಿರಲಿಲ್ಲ. ಮಿಕುಲಿಚ್ ಊದಿದ ಗ್ರಂಥಿಗಳನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಗ್ರಂಥಿಯ ತುಂಬ ಸಣ್ಣ ದುಂಡು ಜೀವಕೋಶಗಳು ಕಿಕ್ಕಿರಿದಿದ್ದವು. 1892ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದ. ರೋಗಿ ಕೊನೆಗೆ ತೀರಿಕೊಂಡದ್ದು ಹೊಟ್ಟೆಯೊಳಗಿನ ಸೋಂಕಿನಿಂದ. ಶಸ್ತ್ರಚಿಕಿತ್ಸೆಯ ವೇಳೆ ಬಾಯಿಗೆ ಮಾಸ್ಕ್ ಕಟ್ಟಿಕೊಂಡ ಮೊದಲಿಗರಲ್ಲೂ ಇದೇ ಮಿಕುಲಿಚ್ ಒಬ್ಬ, 1897ರಲ್ಲಿ. ಎಲ್ಲರೂ ‘ಪರವಾಗಿಲ್ಲ’ ಎಂದು ಬಿಟ್ಟದ್ದನ್ನು ಪರವಾಗಿಲ್ಲ ಎಂದು ಬಿಡದ ಮನುಷ್ಯ.

ಅವನ ನಂತರ ಬಂದವರು ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಮುಖದ ಗ್ರಂಥಿ ಊದಿದ್ದನ್ನೆಲ್ಲ ಮಿಕುಲಿಚ್ ಕಾಯಿಲೆ ಎಂದು ಕರೆಯುತ್ತ ಹೋದರು. ಕ್ಷಯ, ಲ್ಯುಕೇಮಿಯಾ, ಲಿಂಫೋಮಾ ಎಲ್ಲವೂ ಆ ಒಂದು ಹೆಸರಿನ ಕೆಳಗೆ ಸೇರಿಕೊಂಡವು. 1927ರಲ್ಲಿ ಶಾಫರ್ ಮತ್ತು ಜೇಕಬ್‌ಸೆನ್ ಎಂಬಿಬ್ಬರು ಇದನ್ನು ಬಿಡಿಸಬೇಕಾಯಿತು: ಬೇರೊಂದು ರೋಗದಿಂದ ಊದಿದ್ದು ಒಂದು ಬಗೆ, ಕಾರಣ ಕಾಣದೆ ತಾನಾಗಿ ಊದಿದ್ದು ಇನ್ನೊಂದು ಬಗೆ. ಇತ್ತ 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 19 ಮಹಿಳೆಯರನ್ನು ಪರೀಕ್ಷಿಸಿ, ಒಣಗಿದ ಕಣ್ಣು, ಒಣಗಿದ ಬಾಯಿ, ಕೀಲುನೋವು ಇವು ಬೇರೆ ಬೇರೆಯಲ್ಲ, ಇಡೀ ದೇಹದ ಒಂದೇ ಕಾಯಿಲೆ ಎಂದು ಪ್ರಬಂಧ ಬರೆದ. ಪರೀಕ್ಷಕರು ಅದಕ್ಕೆ ಕೊಟ್ಟ ಅಂಕ, ವಿಶ್ವವಿದ್ಯಾಲಯದಲ್ಲಿ ಬೋಧಕನಾಗುವುದಕ್ಕೂ ಸಾಲದಷ್ಟು ಕಡಿಮೆ. ಕಣ್ಣಿನ ವೈದ್ಯನೊಬ್ಬ ಕಣ್ಣಿನಾಚೆ ನೋಡಿದ್ದಕ್ಕೆ ಸಿಕ್ಕ ಮರ್ಯಾದೆ ಇಷ್ಟು.

ಆಮೇಲೆ ಬಂತು ದೊಡ್ಡ ತಪ್ಪು. 1953ರಲ್ಲಿ ಬಾಸ್ಟನ್ನಿನ ಮಾರ್ಗನ್ ಮತ್ತು ಕ್ಯಾಸಲ್‌ಮನ್ 18 ಪ್ರಕರಣಗಳ ಊತಕಗಳನ್ನು ನೋಡಿ, ಮಿಕುಲಿಚ್ ಕಾಯಿಲೆಯೂ ಶೋಗ್ರೆನ್ ಕಾಯಿಲೆಯೂ ಒಂದೇ ಎಂದು ತೀರ್ಮಾನಿಸಿದರು. ಕ್ಯಾಸಲ್‌ಮನ್ ದೊಡ್ಡ ಪೆಥಾಲಜಿಸ್ಟ್. ಅವರ ಮಾತಿಗೆ ತೂಕವಿತ್ತು. ಪಠ್ಯಪುಸ್ತಕಗಳು ಅದನ್ನೇ ಬರೆದವು, ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡಿದರು. ಜಪಾನಿನ ಕೆಲವು ವೈದ್ಯರು ಮಾತ್ರ ಒಪ್ಪದೆ ಉಳಿದರು. ಅವರು ಕಂಡ ರೋಗಿಗಳಲ್ಲಿ ಗಂಡಸರೂ ಸಾಕಷ್ಟಿದ್ದರು. ಶೋಗ್ರೆನ್ ಕಾಯಿಲೆಯವರಲ್ಲಾದರೆ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಮಿಕುಲಿಚ್ ರೋಗಿಗಳ ಗ್ರಂಥಿಗಳು ಬಹಳ ದೊಡ್ಡದಾಗಿ ಊದಿದರೂ ಒಣಗುವಿಕೆ ಅಷ್ಟಾಗಿ ಇರಲಿಲ್ಲ. ಶೋಗ್ರೆನ್‌ನ ಗುರುತಾದ ರೋ ಪ್ರತಿಕಾಯ ರಕ್ತದಲ್ಲಿ ಸಿಗುತ್ತಿರಲಿಲ್ಲ. ಸ್ಟಿರಾಯ್ಡ್ ಕೊಟ್ಟರೆ ಊತ ಇಳಿದು ಜೊಲ್ಲು ಮತ್ತೆ ಒಸರುತ್ತಿತ್ತು, ಶೋಗ್ರೆನ್‌ನಲ್ಲಿ ಹಾಗಾಗುವುದಿಲ್ಲ. 2001ರಲ್ಲಿ ಶಿನ್‌ಶೂ ವಿಶ್ವವಿದ್ಯಾಲಯದ ಹಮಾನೊ ಮತ್ತು ಸಂಗಡಿಗರು ಮೇದೋಜೀರಕ ಗ್ರಂಥಿ ಗಟ್ಟಿಯಾಗುವ ಒಂದು ಕಾಯಿಲೆಯಲ್ಲಿ ಐಜಿಜಿ-4 ಎಂಬ ಪ್ರತಿಕಾಯ ವಿಪರೀತ ಏರಿರುವುದನ್ನು ತೋರಿಸಿದರು. 2003ರಲ್ಲಿ ಕಮಿಸಾವಾ, ಇದು ಮೇದೋಜೀರಕಕ್ಕಷ್ಟೇ ಸೀಮಿತವಲ್ಲ, ಅನೇಕ ಅಂಗಗಳನ್ನು ಹಿಡಿಯುವ ಕಾಯಿಲೆ ಎಂದರು. ಅದರ ಬೆನ್ನಿಗೇ ಸಪ್ಪೊರೊದ ಯಮಮೊಟೊ ತಂಡ ಮಿಕುಲಿಚ್ ರೋಗಿಗಳ ರಕ್ತದಲ್ಲೂ ಗ್ರಂಥಿಯಲ್ಲೂ ಅದೇ ಐಜಿಜಿ-4 ಕಂಡಿತು. ಪ್ರಷ್ಯಾದ ರೈತನ ಕಾಯಿಲೆ ಸ್ವತಂತ್ರವಾದ ಬೇರೆಯೇ ಕಾಯಿಲೆ ಎಂದು ಒಪ್ಪಿಕೊಳ್ಳಲು ಜಗತ್ತಿಗೆ ಐವತ್ತು ವರ್ಷ ಬೇಕಾಯಿತು. 2011ರಲ್ಲಿ ತಜ್ಞರು ಕೂತು ಐಜಿಜಿ-4 ಸಂಬಂಧಿತ ಕಾಯಿಲೆ ಎಂಬ ಅದರ ಹೆಸರನ್ನೂ ಊತಕದ ಲಕ್ಷಣಗಳನ್ನೂ ತೀರ್ಮಾನಿಸಿದ್ದು, ಐವತ್ತು ವರ್ಷಗಳ ತಪ್ಪಿಗೆ ಮೊಹರು ಬಿದ್ದಿದ್ದ ಅದೇ ಬಾಸ್ಟನ್ನಿನಲ್ಲಿ.

ಐವತ್ತು ವರ್ಷಗಳಲ್ಲಿ ಈ ಎರಡು ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬಿದ್ದರಿಂದ ಎಷ್ಟು ಜನರಿಗೆ ಸಿಗಬೇಕಿದ್ದ ಮದ್ದು ಸಿಗದೆ ಹೋಯಿತೋ ಲೆಕ್ಕವಿಲ್ಲ. ಈಗ ಆ ನೆಪವೂ ನಮಗಿಲ್ಲ. ಗೊತ್ತಾಗಿ ಇಪ್ಪತ್ತು ವರ್ಷ ದಾಟಿದೆ.

ನನ್ನ ಬಳಿ ಬಂದ ಒಬ್ಬರ ವಿಷಯ ಹೇಳುತ್ತೇನೆ. ಐವತ್ತು ದಾಟಿದವರು, ಬಸ್ ಕಂಡಕ್ಟರ್. ಕೈಯಲ್ಲೊಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರ ತುಂಬ ರಿಪೋರ್ಟು. ತೀರ ಹಳೆಯ ಚೀಟಿ ಕಣ್ಣಿನ ಆಸ್ಪತ್ರೆಯದು: ರೆಪ್ಪೆಯೂತ, ಅಲರ್ಜಿ, ಹನಿ ಔಷಧ ಮತ್ತು ಮಾತ್ರೆ. ರಕ್ತದಲ್ಲಿ ಇಯೊಸಿನೊಫಿಲ್ ಹೆಚ್ಚಿದೆ ಎಂದು ಕಂಡು ಯಾರೋ ಹುಳುವಿನ ಮಾತ್ರೆಯನ್ನೂ ಬರೆದಿದ್ದರು. ಮುಂದಿನದು ಬೇರೊಂದು ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ. ಬಲದವಡೆಯ ಕೆಳಗಿನ ಗ್ರಂಥಿಯನ್ನು ಗೆಡ್ಡೆ ಎಂದು ತೆಗೆದಿದ್ದಾರೆ. ಪೆಥಾಲಜಿ ವರದಿಯಲ್ಲಿ ಎರಡು ಸಾಲು: ದೀರ್ಘಕಾಲದ ಉರಿಯೂತ, ಗ್ರಂಥಿ ನಾರುಗಟ್ಟಿದೆ, ಕ್ಯಾನ್ಸರ್ ಕಂಡುಬಂದಿಲ್ಲ. ಆ ‘ಇಲ್ಲ’ ನೋಡಿ ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋದರು. ಎಡಗಡೆ ಊದಿದಾಗ ಯಾವ ಪುರಾವೆಯೂ ಇಲ್ಲದೆ ಆರು ತಿಂಗಳು ಟಿಬಿ ಮಾತ್ರೆ. ಕೊನೆಯ ಕಾಗದದಲ್ಲಿ ಕ್ರಿಯಾಟಿನಿನ್ ಏರಿತ್ತು. ಸ್ಕ್ಯಾನಿನಲ್ಲಿ ಎರಡೂ ಮೂತ್ರಪಿಂಡ ನೀರು ತುಂಬಿ ಹಿಗ್ಗಿದ್ದವು. ಹೊಟ್ಟೆಯ ಹಿಂಭಾಗದಲ್ಲಿ, ಮಹಾಪಧಮನಿಯ ಸುತ್ತ ನಾರಿನಂಥ ಅಂಗಾಂಶ ಬೆಳೆದು ಎರಡೂ ಮೂತ್ರನಾಳಗಳನ್ನು ಹಿಸುಕಿತ್ತು. ಮುಖದಲ್ಲಿ ವರ್ಷಗಳಿಂದ ಎಲ್ಲರ ಕಣ್ಣಿಗೂ ಬೀಳುವಂತೆ ಕೂತಿದ್ದ ಕಾಯಿಲೆಯೇ ಹೊಟ್ಟೆಯೊಳಗೂ ಕೆಲಸ ಮಾಡುತ್ತಿತ್ತು.

ಅವರ ಹೆಂಡತಿ ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ‘ಊರಲ್ಲೆಲ್ಲ ಇವ್ರ ಮುಖ ತುಂಬ್ಕೊಂಡಿದೆ, ಚೆನ್ನಾಗಾಗಿದಾರೆ ಅಂತಿದ್ರು ಸರ್. ನಾನೂ ಹಂಗೇ ಅಂದ್ಕೊಂಡಿದ್ದೆ.’ ಆಕೆಯನ್ನು ದೂರುವಂತಿಲ್ಲ. ಮೈ ತುಂಬಿಕೊಳ್ಳುವುದನ್ನು ನಾವು ನೆಮ್ಮದಿಯ ಗುರುತೆಂದೇ ನೋಡುತ್ತ ಬಂದವರು. ಆದರೆ ವೈದ್ಯಕೀಯ ಓದಿದವರು? ಕಂಡಕ್ಟರ್ ಲೈಸೆನ್ಸಿನಲ್ಲಿ ಹತ್ತು ವರ್ಷ ಹಿಂದಿನ ಫೋಟೊ ಇತ್ತು. ಪಕ್ಕದಲ್ಲಿಟ್ಟು ನೋಡಿದರೆ ಸಾಕಾಗಿತ್ತು: ಆಗ ಕಿವಿಯ ಹಾಲೆ ಕೆನ್ನೆಗೆ ಒರಗಿತ್ತು, ಈಗ ಕಿವಿಯ ಮುಂದಿನ ಪರೋಟಿಡ್ ಗ್ರಂಥಿ ಊದಿ ಅದನ್ನು ಹೊರಕ್ಕೆ ಎತ್ತಿತ್ತು. ಆಗ ರೆಪ್ಪೆಯ ಗೆರೆ ಸರಿಯಾಗಿ ಬಾಗಿತ್ತು, ಈಗ ಹೊರತುದಿ ಜೋತು ಅಂಕುಡೊಂಕಾಗಿತ್ತು. ಹಳೆಯ ಫೋಟೊ ಕೇಳುವುದಕ್ಕೆ ಯಾವ ಯಂತ್ರ ಬೇಕು, ಯಾವ ಅನುಮತಿ ಬೇಕು?

ಮುಖ ಪರೀಕ್ಷೆ ಮಾಡುವುದು ಹೇಗೆಂದು ನಮಗೆಲ್ಲ ಎಂಬಿಬಿಎಸ್‌ನಲ್ಲೇ ಕಲಿಸಿದ್ದಾರೆ. ರೋಗಿಗೆ ಕೆಳಗೆ ನೋಡಲು ಹೇಳಿ ಮೇಲ್ರೆಪ್ಪೆಯ ಹೊರಮೂಲೆಯನ್ನು ಮೆಲ್ಲಗೆ ಎತ್ತಬೇಕು. ಊದಿದ ಕಣ್ಣೀರಿನ ಗ್ರಂಥಿ ನಸುಗೆಂಪಾಗಿ ಇಣುಕುತ್ತದೆ, ಎಲುಬಿನ ಅಂಚಿನಡಿ ಬೆರಳಿಗೆ ತಾಗುತ್ತದೆ. ಗ್ಲೌಸ್ ಹಾಕಿದ ಒಂದು ಬೆರಳನ್ನು ಬಾಯೊಳಗೆ ನಾಲಿಗೆಯ ಪಕ್ಕ ಇಟ್ಟು, ಇನ್ನೊಂದು ಕೈಯನ್ನು ದವಡೆಯ ಕೆಳಗಿಟ್ಟು ಗ್ರಂಥಿಯನ್ನು ನಡುವೆ ಹಿಡಿಯಬೇಕು. ಆಗ ಅದು ಗ್ರಂಥಿಯೋ ದುಗ್ಧಗಂಟೋ ತಿಳಿಯುತ್ತದೆ. ಮೇಲಿನ ಎರಡನೇ ದವಡೆಹಲ್ಲಿನ ಎದುರಿಗೆ ಕೆನ್ನೆಯ ಒಳಬದಿಯಲ್ಲಿ ಪರೋಟಿಡ್ ನಾಳದ ಬಾಯಿದೆ. ಅದನ್ನು ಗಾಜ್ ಬಟ್ಟೆಯಿಂದ ಒರೆಸಿ, ಹೊರಗಿನಿಂದ ಗ್ರಂಥಿಯನ್ನು ಒತ್ತಿ ಕಾಯಬೇಕು. ತಿಳಿಯಾದ ಹನಿ ಮೂಡುತ್ತದೋ, ಕದಡಿದ್ದು ಬರುತ್ತದೋ, ಏನೂ ಬರುವುದಿಲ್ಲವೋ ನೋಡಬೇಕು. ನಾಲಿಗೆ ಒತ್ತುವ ಕಡ್ಡಿ ಕೆನ್ನೆಗೆ ಅಂಟಿಕೊಂಡರೆ ಅದೂ ಒಂದು ಉತ್ತರ. ಮುಖದ ಮೂರು ಜೋಡಿ ಗ್ರಂಥಿಗಳಿಗೆ ಇಷ್ಟು ಮಾಡಲು ಐದು ನಿಮಿಷ ಬೇಡ. 2019ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಸೇರಿ ಐಜಿಜಿ-4 ಕಾಯಿಲೆಗೆ ಅಂಕಪಟ್ಟಿ ಮಾಡಿವೆ. ಇದು ಸಂಶೋಧನೆಗೆಂದು ಮಾಡಿದ ವರ್ಗೀಕರಣ, ನಿಜ. ಆದರೂ ಅದರಲ್ಲಿರುವ ತೂಕ ನೋಡಿ: ಬೇರೆ ರೋಗಗಳನ್ನು ತಳ್ಳಿಹಾಕಿದ ಮೇಲೆ ಬೇಕಾದ 20 ಅಂಕಗಳಲ್ಲಿ, ಎರಡು ಜೋಡಿ ಗ್ರಂಥಿಗಳು ಊದಿದ್ದರೆ ಅದಕ್ಕೇ 14. ಮೇಜಿನಾಚೆ ಕೂತವರ ಮುಖಕ್ಕೆ ಕೈ ಚಾಚಿದರೆ ಸಿಗುವ ಅಂಕಗಳನ್ನು ಬಿಟ್ಟು ನಾವು ಸಾವಿರಾರು ರೂಪಾಯಿಯ ಸ್ಕ್ಯಾನಿಗೆ ಚೀಟಿ ಬರೆಯುತ್ತಿದ್ದೇವೆ.

ಇನ್ನು ಸೂಜಿ ಪರೀಕ್ಷೆ. ಎಫ್‌ಎನ್‌ಎಸಿ ಅಗ್ಗ, ಬೇಗ ಆಗುತ್ತದೆ, ಗಂಟು ಕಂಡಲ್ಲೆಲ್ಲ ಚುಚ್ಚುವುದು ನಮ್ಮಲ್ಲಿ ಪ್ರತಿಫಲಿತ ಕ್ರಿಯೆಯೇ ಆಗಿದೆ. ಅದರಲ್ಲಿ ಬರುವುದು ಬಿಡಿ ಜೀವಕೋಶಗಳು ಮಾತ್ರ. ಐಜಿಜಿ-4 ಕಾಯಿಲೆ ಗುರುತಾಗುವುದು ಊತಕದ ರಚನೆಯಲ್ಲಿ: ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳ ದಟ್ಟಣೆ, ಸುಳಿಸುಳಿಯಾಗಿ ಹೆಣೆದ ನಾರು, ಮುಚ್ಚಿಹೋದ ಸಣ್ಣ ಅಭಿಧಮನಿಗಳು. ಇದನ್ನು ಸೂಜಿಯ ತುದಿಯ ತೊಟ್ಟು ರಸದಲ್ಲಿ ಹುಡುಕುವವರು ಏನೂ ಸಿಗಲಿಲ್ಲ ಎಂದೇ ಬರೆಯುತ್ತಾರೆ. ಬಯಾಪ್ಸಿಯ ತುಂಡೇ ಬೇಕು. ಅದರ ಮೇಲೆ ಬಣ್ಣ ಹಾಕಿ ಎಣಿಸಬೇಕು: ಐಜಿಜಿ ಕೋಶಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಐಜಿಜಿ-4 ಆಗಿರಬೇಕು, ಈ ಗ್ರಂಥಿಗಳಲ್ಲಾದರೆ ಸೂಕ್ಷ್ಮದರ್ಶಕದ ಹೆಚ್ಚು ವರ್ಧನೆಯ ಒಂದು ದೃಶ್ಯಕ್ಷೇತ್ರದಲ್ಲಿ ನೂರರಾಚೆ. ಕಣ್ಣೀರಿನ ಗ್ರಂಥಿಯಲ್ಲಿ ಸುಳಿನಾರು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ ಎಂಬುದೂ ಪೆಥಾಲಜಿಸ್ಟಿಗೆ ನೆನಪಿರಬೇಕು. ಬರಿಯ ಎಣಿಕೆಯೂ ಸಾಲದು. ಬೇರೆ ಉರಿಯೂತಗಳಲ್ಲಿ, ಕೆಲವು ಲಿಂಫೋಮಾಗಳಲ್ಲಿ ಕೂಡ ಈ ಕೋಶಗಳು ಸಿಗುತ್ತವೆ.

ಪೆಥಾಲಜಿಸ್ಟರನ್ನು ಬೈಯುವ ಮೊದಲು ಅವರ ಕೈಗೆ ಏನು ತಲುಪುತ್ತದೆ ನೋಡಿ. ಫಾರ್ಮಲಿನ್ ಡಬ್ಬಿಯ ಜೊತೆ ಒಂದು ಫಾರಂ. ‘ರೋಗದ ವಿವರ’ ಎಂಬ ಕಡೆ ಒಂದೇ ಮಾತು: ‘ದವಡೆ ಊತ’. ಇನ್ನೊಂದು ಬದಿಯೂ ಊದಿದೆ, ಕಣ್ಣೂ ಊದಿದೆ, ಮೇದೋಜೀರಕದ ತೊಂದರೆ ಇದೆ ಎಂಬ ಒಂದು ಅಕ್ಷರವೂ ಇಲ್ಲ. ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿದವರು ಎರಡು ಸಾಲು ಬರೆಯಲಾರರು. ಆ ಕಂಡಕ್ಟರರ ಹಳೆಯ ಗ್ರಂಥಿಯ ಪ್ಯಾರಾಫಿನ್ ಬ್ಲಾಕ್ ಲ್ಯಾಬಿನ ಕಪಾಟಿನಲ್ಲಿತ್ತು. ತರಿಸಿ ಹೊಸದಾಗಿ ಬಣ್ಣ ಹಾಕಿಸಿದೆವು. ಉತ್ತರ ಅಲ್ಲೇ ಇತ್ತು: ಐಜಿಜಿ-4 ಕಾಯಿಲೆ. ಯಾರೂ ಪ್ರಶ್ನೆ ಕೇಳಿರಲಿಲ್ಲ ಅಷ್ಟೆ. ಹಳೆಯ ಆಪರೇಷನ್ನಿನ ಬ್ಲಾಕ್‌ಗಳನ್ನು ಕೇಳಿ ಪಡೆಯಬಹುದು, ಮತ್ತೆ ಪರೀಕ್ಷೆ ಮಾಡಿಸಬಹುದು ಎಂಬುದನ್ನು ರೋಗಿಗಳು ತಿಳಿದಿರಬೇಕು. ಮತ್ತೊಮ್ಮೆ ಕತ್ತಿಗೆ ಕೊರಳೊಡ್ಡುವ ಮೊದಲು ಅದನ್ನು ಕೇಳಿ.

ರಕ್ತಪರೀಕ್ಷೆಯ ಒಂದು ಅಂಕಿಯನ್ನೇ ದೇವರೆಂದು ನಂಬುವವರಿಗೂ ಒಂದು ಮಾತು. ರಕ್ತದ ಐಜಿಜಿ-4 ಸಾಮಾನ್ಯವಾಗಿ ಡೆಸಿಲೀಟರಿಗೆ 135 ಮಿಲಿಗ್ರಾಂ ಒಳಗಿರುತ್ತದೆ. ಅದಕ್ಕಿಂತ ಹೆಚ್ಚು ಬಂದ ಕೂಡಲೇ ಕಾಯಿಲೆ ಎಂದು ಬರೆಯುವುದೂ ತಪ್ಪು, ಒಳಗೇ ಇದ್ದರೆ ಕಾಯಿಲೆಯಿಲ್ಲ ಎಂದು ಕಳಿಸುವುದೂ ತಪ್ಪು. ಅಲರ್ಜಿಯಲ್ಲಿ, ಸೋಂಕಿನಲ್ಲಿ, ಕೆಲವು ಕ್ಯಾನ್ಸರುಗಳಲ್ಲಿ ಅದು ಏರುತ್ತದೆ. ಬಯಾಪ್ಸಿಯಿಂದ ಖಚಿತವಾದವರಲ್ಲೂ ಅನೇಕರಿಗೆ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಪ್ರಮಾಣ ವಿಪರೀತವಾದಾಗ ಯಂತ್ರ ಮೋಸಹೋಗಿ ಕಡಿಮೆ ತೋರಿಸುವುದೂ ಉಂಟು. ಲ್ಯಾಬಿನವರು ಮಾದರಿಯನ್ನು ತೆಳುಮಾಡಿ ಮತ್ತೆ ಓಡಿಸಿದರೆ ನಿಜ ಹೊರಬರುತ್ತದೆ. ಹಾಗೆ ಮಾಡಿಸಿ ಎಂದು ಲ್ಯಾಬಿಗೆ ಫೋನು ಮಾಡುವ ವೈದ್ಯರು ಎಷ್ಟು ಮಂದಿ?

ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಸ್ಟಿರಾಯ್ಡ್ ಪ್ರಯೋಗ. ‘ಒಂದು ವಾರ ಕೊಟ್ಟು ನೋಡೋಣ.’ ಐದು ದಿನದಲ್ಲಿ ಊತ ಇಳಿಯುತ್ತದೆ, ರೋಗಿ ಕೈಮುಗಿಯುತ್ತಾನೆ, ವೈದ್ಯನ ಹೆಸರು ಊರಲ್ಲಿ ಹರಡುತ್ತದೆ. ಆದರೆ ಇಳಿದದ್ದು ಏನು? ಐಜಿಜಿ-4 ಕಾಯಿಲೆಯೂ ಇಳಿಯುತ್ತದೆ, ಸಾರ್ಕಾಯಿಡೋಸಿಸ್ಸೂ ಇಳಿಯುತ್ತದೆ, ಲಿಂಫೋಮಾ ಕೂಡ ಕೆಲಕಾಲ ಇಳಿಯುತ್ತದೆ. ಆಮೇಲೆ ತೆಗೆದ ಬಯಾಪ್ಸಿಯಲ್ಲಿ ಕುರುಹುಗಳು ಅಳಿಸಿಹೋಗಿರುತ್ತವೆ. ಕ್ಷಯ ಒಳಗೆ ಅಡಗಿದ್ದರೆ ಅದಕ್ಕೆ ನಾವೇ ಬಾಗಿಲು ತೆರೆದುಕೊಟ್ಟಂತೆ. ಸಕ್ಕರೆ ಕಾಯಿಲೆ ಇದ್ದವರ ಗತಿ ಹೇಳುವುದೇ ಬೇಡ. ಊತಕ ಕೈಗೆ ಬರುವ ಮೊದಲು, ಜೀವಕ್ಕೋ ದೃಷ್ಟಿಗೋ ತುರ್ತು ಅಪಾಯವಿಲ್ಲದಿದ್ದಾಗ, ಹೀಗೆ ಸ್ಟಿರಾಯ್ಡ್ ಕೊಡುವುದು ಚಿಕಿತ್ಸೆಯಲ್ಲ, ಸಾಕ್ಷಿನಾಶ.

ಟಿಬಿ ಮಾತ್ರೆಯ ಪ್ರಯೋಗವೂ ಇದೇ ಸಾಲಿನದು. ಕ್ಷಯ ನಮ್ಮಲ್ಲಿ ಹೆಚ್ಚು, ಅದನ್ನು ಮೊದಲು ಯೋಚಿಸುವುದು ಸರಿ. ಯೋಚಿಸಿದ ಮೇಲೆ ಹುಡುಕಬೇಕು. ತುಂಡನ್ನು ಜೀನ್‌ಎಕ್ಸ್‌ಪರ್ಟ್‌ಗೂ ಕಲ್ಚರ್‌ಗೂ ಕಳಿಸಬೇಕು. ಹುಡುಕದೆ ಆರು ತಿಂಗಳು ಮಾತ್ರೆ ನುಂಗಿಸಿ, ಊತ ಹಾಗೇ ಉಳಿದಾಗ ‘ಔಷಧಕ್ಕೆ ಬಗ್ಗದ ಟಿಬಿ ಇರಬಹುದು’ ಎಂದು ಇನ್ನೂ ಕಠಿಣ ಮಾತ್ರೆಗೆ ಏರಿಸುವವರಿದ್ದಾರೆ. ಎಚ್‌ಐವಿ ಪರೀಕ್ಷೆಯ ಕಥೆ ಇದಕ್ಕೆ ತದ್ವಿರುದ್ಧ: ಎರಡೂ ಪರೋಟಿಡ್‌ಗಳಲ್ಲಿ ನೀರುಗುಳ್ಳೆ ಕಂಡರೂ, ಮರ್ಯಾದಸ್ಥರು ಎಂದು ಮುಖ ನೋಡಿ ಆ ಪರೀಕ್ಷೆಯನ್ನೇ ಬರೆಯುವುದಿಲ್ಲ.

ಹೆಂಗಸರ ವಿಷಯದಲ್ಲಿ ಈ ಉದಾಸೀನ ಇನ್ನೂ ಕ್ರೂರವಾಗುತ್ತದೆ. ಕಣ್ಣಿನಲ್ಲಿ ಮರಳು ಬಿದ್ದಂತಾಗುತ್ತದೆ, ಒಣ ಚಪಾತಿ ನೀರಿಲ್ಲದೆ ಇಳಿಯುವುದಿಲ್ಲ, ರಾತ್ರಿ ಎದ್ದು ಎದ್ದು ನೀರು ಕುಡಿಯುತ್ತೇನೆ, ಹಲ್ಲುಗಳು ಬುಡದಲ್ಲೇ ಕರಗುತ್ತಿವೆ ಎಂದು ಆಕೆ ಹೇಳಿದರೆ ಸಿಗುವ ಉತ್ತರ ಮೊಬೈಲ್ ಕಡಿಮೆ ನೋಡಿ, ಮುಟ್ಟು ನಿಲ್ಲುವ ವಯಸ್ಸು, ಟೆನ್ಷನ್ ಮಾಡಿಕೊಳ್ಳಬೇಡಿ. ಮೇಲೆ ಅಲರ್ಜಿಯ ಮಾತ್ರೆ. ಅದು ಇದ್ದಬದ್ದ ಜೊಲ್ಲನ್ನೂ ಒಣಗಿಸುತ್ತದೆ. ಶಿರ್ಮರ್ ಪಟ್ಟಿ ಎಂಬ ಕಾಗದದ ತುಂಡನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಟ್ಟರೆ ಕಣ್ಣೀರು ಎಷ್ಟು ದೂರ ಇಳಿಯಿತೆಂದು ಕಾಣುತ್ತದೆ. 5 ಮಿಲಿಮೀಟರ್ ದಾಟದಿದ್ದರೆ ಅಲ್ಲೇ ನಿಲ್ಲಬೇಕು, ರೋ ಪ್ರತಿಕಾಯಕ್ಕೆ ರಕ್ತ ಕಳಿಸಬೇಕು, ಅಗತ್ಯವಿದ್ದರೆ ಕೆಳತುಟಿಯ ಒಳಗಿನ ಚಿಕ್ಕ ಗ್ರಂಥಿಗಳ ಬಯಾಪ್ಸಿ ಮಾಡಬೇಕು. ಇದು ಬರೀ ಒಣಕಣ್ಣಿನ ಪ್ರಶ್ನೆಯಲ್ಲ. ಶೋಗ್ರೆನ್ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು ಐವರಿಗೆ ಜೀವಮಾನದಲ್ಲಿ ಲಿಂಫೋಮಾ ಬರುತ್ತದೆ, ಇಳಿಯದೆ ಉಳಿದ ಪರೋಟಿಡ್ ಊತ ಅದರ ಮುನ್ಸೂಚನೆಗಳಲ್ಲಿ ಒಂದು. ರೋ ಪ್ರತಿಕಾಯವಿರುವ ತಾಯಿ ಬಸುರಿಯಾದರೆ ನೂರರಲ್ಲಿ ಒಂದೆರಡು ಗರ್ಭಗಳಲ್ಲಿ ಮಗುವಿನ ಹೃದಯದ ಬಡಿತದ ದಾರಿಯೇ ಕಡಿದುಹೋಗುತ್ತದೆ. ಇಪ್ಪತ್ತೈದರ ಹೆಣ್ಣುಮಗಳ ಒಣಬಾಯಿಯನ್ನು ಟೆನ್ಷನ್ ಎಂದು ತಳ್ಳಿದವರು ಆ ಮಗುವಿನ ಪೇಸ್‌ಮೇಕರನ್ನು ನೋಡಲು ಹೋಗಿರುವುದಿಲ್ಲ.

ರೋಗಿಗಳನ್ನೂ ಬಿಡಲಾರೆ. ಮೆಡಿಕಲ್ ಶಾಪಿನಲ್ಲಿ ‘ಕಣ್ಣು ಕೆಂಪಗಿದೆ, ಏನಾದರೂ ಹನಿ ಕೊಡಿ’ ಎಂದು ಕೇಳಿ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡು ಕಣ್ಣಿನ ಒತ್ತಡ ಏರಿಸಿಕೊಂಡವರು, ಪೊರೆ ಬರಿಸಿಕೊಂಡವರು ಎಷ್ಟಿಲ್ಲ! ಬಾವಿಗೆ ಪಟ್ಟು ಹಾಕಿ ವರ್ಷ ಕಳೆಯುವವರು, ಹಳೆಯ ರಿಪೋರ್ಟನ್ನು ಹೊಸ ಡಾಕ್ಟರಿಗೆ ತೋರಿಸದೆ ‘ನೀವೇ ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡುವವರು, ಬಯಾಪ್ಸಿ ಎಂದ ಕೂಡಲೇ ‘ಗಂಟು ಕೆದಕಿದರೆ ಕ್ಯಾನ್ಸರ್ ಹರಡುತ್ತದೆ’ ಎಂದು ಎದ್ದು ಹೋಗುವವರು. ಗ್ರಂಥಿಯ ಬಯಾಪ್ಸಿಗೆ ಹೆದರಿ ಮೂತ್ರಪಿಂಡ ಕಳೆದುಕೊಳ್ಳುವುದು ಯಾವ ಲೆಕ್ಕದ ಜಾಣತನ?

ಮತ್ತೆ, ಸುಮ್ಮನೆ ಕೂತದ್ದಕ್ಕೆ ತೆರುವ ಬೆಲೆ ಮೂತ್ರಪಿಂಡ ಮಾತ್ರವಲ್ಲ. ಇದೇ ಐಜಿಜಿ-4 ಕಾಯಿಲೆ ಮೇದೋಜೀರಕವನ್ನು ಹಿಡಿದರೆ ನೋವಿಲ್ಲದ ಕಾಮಾಲೆ ಬರುತ್ತದೆ. ಸ್ಕ್ಯಾನಿನಲ್ಲಿ ಥೇಟ್ ಕ್ಯಾನ್ಸರಿನಂತೆ ಕಾಣುತ್ತದೆ. ಹಾಗೆಂದೇ ಭಾವಿಸಿ ಮೇದೋಜೀರಕದ ತಲೆ, ಕರುಳಿನ ಭಾಗ, ಪಿತ್ತನಾಳ ಎಲ್ಲ ತೆಗೆದ ಮೇಲೆ ಪೆಥಾಲಜಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದ ತುಂಬ ಇವೆ. ಆ ರೋಗಿಗಳಲ್ಲಿ ಕೆಲವರ ದವಡೆಯ ಕೆಳಗೆ ಊತ ಮೊದಲಿಂದಲೂ ಇತ್ತು. ಹೊಟ್ಟೆಯ ಸರ್ಜನ್ನರು ದವಡೆ ಮುಟ್ಟಿ ನೋಡುವುದಿಲ್ಲವಲ್ಲ!

ಪತ್ತೆಯಾದರೆ ಮದ್ದಿದೆ ಎಂಬುದೇ ಈ ಉದಾಸೀನವನ್ನು ಕ್ಷಮಿಸಲಾಗದಂತೆ ಮಾಡುತ್ತದೆ. ಪ್ರೆಡ್ನಿಸೊಲೋನ್ ತಾಲ್ಲೂಕು ಊರಿನ ಔಷಧ ಅಂಗಡಿಯಲ್ಲೂ ಸಿಗುವ ಅಗ್ಗದ ಮಾತ್ರೆ. ದಿನಕ್ಕೆ 30ರಿಂದ 40 ಮಿಲಿಗ್ರಾಂನಿಂದ ಶುರುಮಾಡಿ, ತಜ್ಞರ ಕಣ್ಣಡಿಯಲ್ಲಿ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸುತ್ತಾರೆ. ಮರುಕಳಿಸುವವರಿಗೆ ರಿಟುಕ್ಸಿಮ್ಯಾಬ್ ಇದೆ. ಇನೆಬಿಲಿಜುಮ್ಯಾಬ್ ಎಂಬ ಹೊಸ ಔಷಧ, 135 ರೋಗಿಗಳ ಪ್ರಯೋಗದಲ್ಲಿ ಮರುಕಳಿಕೆಯ ಅಪಾಯವನ್ನು ಶೇಕಡಾ 87ರಷ್ಟು ತಗ್ಗಿಸಿದ್ದು 2024ರಲ್ಲಿ ಪ್ರಕಟವಾಗಿ, 2025ರಲ್ಲಿ ಅಮೆರಿಕದಲ್ಲಿ ಇದೇ ಕಾಯಿಲೆಗೆ ಮಂಜೂರಾಯಿತು. ಅದು ನಮ್ಮ ಬಹುಪಾಲು ಜನರ ಕೈಗೆ ಎಟುಕುವ ಮಾತಲ್ಲ, ಇರಲಿ.

ಊತ ಇಳಿದ ಮೇಲೆ ಬರುವ ನಿರಾಳವೇ ಕೊನೆಯ ಉದಾಸೀನಕ್ಕೆ ದಾರಿ. ಈ ಕಾಯಿಲೆ ಮರಳಿ ಬರುತ್ತದೆ, ಸ್ಟಿರಾಯ್ಡ್ ನಿಲ್ಲಿಸಿದ ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು. ಬರುವಾಗ ಹಳೆಯ ಜಾಗಕ್ಕೇ ಬರಬೇಕೆಂದಿಲ್ಲ, ಪಿತ್ತನಾಳಕ್ಕೋ ಮಹಾಪಧಮನಿಗೋ ಬರಬಹುದು. ಕಂಡಕ್ಟರರ ಮೂತ್ರನಾಳಗಳಿಗೆ ಸ್ಟೆಂಟ್ ಹಾಕಿ, ಮಾತ್ರೆ ಶುರುಮಾಡಿದ ಮೇಲೆ ಮುಖ ಹಳೆಯ ಫೋಟೊದ ಹತ್ತಿರಕ್ಕೆ ಬಂತು. ಮೂತ್ರಪಿಂಡಗಳು ಪೂರ್ತಿ ಬರಲಿಲ್ಲ. ಒಂದು ಚೇತರಿಸಿಕೊಂಡಿತು, ಇನ್ನೊಂದು ಸೊರಗಿಯೇ ಉಳಿಯಿತು. ಅವರು ಈಗ ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಮೂತ್ರ, ಲಿವರ್ ಪರೀಕ್ಷೆ, ಸಕ್ಕರೆ, ಐಜಿಜಿ-4 ಎಲ್ಲ ಮಾಡಿಸಿಕೊಂಡು ಬರುತ್ತಾರೆ, ವರ್ಷಕ್ಕೊಮ್ಮೆ ಹೊಟ್ಟೆಯ ಸ್ಕ್ಯಾನ್. ಮೊದಲು ಅಲರ್ಜಿ ಎಂದವರಿಗೂ ಗ್ರಂಥಿ ತೆಗೆದವರಿಗೂ ಬಯಾಪ್ಸಿ ವರದಿಯ ಪ್ರತಿಯೊಂದಿಗೆ ಪತ್ರ ಬರೆದೆ. ಇಬ್ಬರಿಂದಲೂ ಉತ್ತರ ಬಂದಿಲ್ಲ.